ಶಾನುಭೋಗರ ಪುಸ್ತಕ ಓದುವ ಪುಟ್ಟ ಆ್ಯಪ್

‘ಕಂಪ್ಯೂಟರಿನಲ್ಲೇ ಇರುವ ಫೈಲನ್ನು ಹುಡುಕಲು ಕಂಪ್ಯೂಟರಿಗೇ ಇಷ್ಟು ಹೊತ್ತು ಯಾಕೆ ಬೇಕು?’ ಎಂದು ಓದುಗರೊಬ್ಬರು ಕೇಳಿದ್ದಾರೆ. ವಿಂಡೋಸ್ ಬಳಸುವವರಾದರೆ ‘ಎವೆರಿಥಿಂಗ್’ ಹಾಕಿಕೊಂಡು ನೋಡಿ ಎನ್ನುತ್ತೇನೆ. ಡೇವಿಡ್ ಕಾರ್ಪೆಂಟರ್ ಬರೆದ ಉಚಿತ ಆ್ಯಪ್ ಇದು, ತೂಕ ಕೆಲವೇ ಎಂಬಿ. ‘ಬಾಡಿಗೆ’ ಎಂದು ಟೈಪ್ ಮಾಡಹೊರಟರೆ ‘ಬಾ’ ಬೀಳುವಷ್ಟರಲ್ಲೇ ಪಟ್ಟಿ ಮೂಡುತ್ತದೆ, ಅಕ್ಷರ ಅಕ್ಷರಕ್ಕೂ ಕಿರಿದಾಗುತ್ತದೆ, ಕೊನೆಗೆ ಬಾಡಿಗೆ ಕರಾರಿನ ಎರಡು ಫೈಲು ಉಳಿಯುತ್ತವೆ.

ಇಷ್ಟು ವೇಗ ಎಲ್ಲಿಂದ ಬಂತು? ಹಿಂದೆ ಒಂದು ಸರ್ವೆ ನಂಬರಿನ ಜಮೀನು ಯಾರದೆಂದು ತಿಳಿಯಲು ಯಾರೂ ಹೊಲದಿಂದ ಹೊಲಕ್ಕೆ ಅಲೆಯುತ್ತಿರಲಿಲ್ಲ. ಶಾನುಭೋಗರ ಜಗಲಿಗೆ ಹೋಗಿ ಪುಸ್ತಕ ತೆಗೆಸುತ್ತಿದ್ದರು. ವಿಂಡೋಸ್‌ನಲ್ಲೂ ಅಂಥ ಪುಸ್ತಕವಿದೆ. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್, ಡ್ರೈವಿನ ಪ್ರತಿ ಫೈಲಿಗೂ ‘ಮಾಸ್ಟರ್ ಫೈಲ್ ಟೇಬಲ್’ನಲ್ಲಿ ಸಾಮಾನ್ಯವಾಗಿ 1 ಕೆಬಿಯ ದಾಖಲೆ ಇಡುತ್ತದೆ: ಹೆಸರು, ಗಾತ್ರ, ತಾರೀಕು, ಯಾವ ಫೋಲ್ಡರಿನದು. ಎವೆರಿಥಿಂಗ್ ಫೋಲ್ಡರುಗಳನ್ನು ಸುತ್ತುವುದೇ ಇಲ್ಲ, ನೇರವಾಗಿ ಈ ಪುಸ್ತಕವನ್ನೇ ಓದುತ್ತದೆ. ಹತ್ತು ಲಕ್ಷ ಫೈಲಿಗೆ ಸುಮಾರು ಒಂದು ನಿಮಿಷ ಸಾಕೆಂದು ತಯಾರಕರ ಲೆಕ್ಕ. ಆಮೇಲೆ ಆಗುವ ಬದಲಾವಣೆಗಳಿಗೆ ವಿಂಡೋಸ್ 2000ದಿಂದ ‘ಯುಎಸ್‌ಎನ್ ಜರ್ನಲ್’ ಇದೆ. ಅದು ಮ್ಯುಟೇಶನ್ ರಿಜಿಸ್ಟರ್ ಇದ್ದಂತೆ. ಹೊಸ ನಮೂದುಗಳನ್ನಷ್ಟೇ ನೋಡಿಕೊಂಡರೆ ಪಟ್ಟಿ ಸದಾ ತಾಜಾ.

ಪೆನ್‌ಡ್ರೈವ್‌ಗಳಲ್ಲಿ ಹೆಚ್ಚಾಗಿ ಇರುವುದು ಫ್ಯಾಟ್32. ಅಲ್ಲಿ ಇಂಥ ಪುಸ್ತಕವಿಲ್ಲ, ಹೊಲ ಸುತ್ತಲೇಬೇಕು. ಪುಸ್ತಕವನ್ನು ನೇರವಾಗಿ ಓದಲು ಅಡ್ಮಿನ್ ಅನುಮತಿಯೂ ಬೇಕು. ಹಾಗಾಗಿ ಇಂಥ ಆ್ಯಪನ್ನು ತಯಾರಕರ ಸೈಟಿನಿಂದಲ್ಲದೆ ಬೇರೆಲ್ಲಿಂದಲೂ ಇಳಿಸಿಕೊಳ್ಳಬೇಡಿ.

ವಿಂಡೋಸ್‌ನ ಸ್ವಂತ ಹುಡುಕಾಟದ ದಾರಿ ಬೇರೆ. ಅದು ಫೈಲುಗಳನ್ನು ಬಿಚ್ಚಿ ಒಳಗಿನ ಪದಗಳನ್ನೂ ಸೂಚಿಗೆ ಸೇರಿಸಿಕೊಳ್ಳುತ್ತದೆ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್‌ನಂಥ ನಿಗದಿತ ಜಾಗ ದಾಟಿದರೆ ನಿಧಾನ ನಿಜ, ಆದರೆ ಹೆಸರು ಮರೆತು ವಿಷಯ ಮಾತ್ರ ನೆನಪಿರುವಾಗ ಅದೇ ಗತಿ. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ.

ಕನ್ನಡದವರಿಗೆ ಇನ್ನೊಂದು ತೊಡಕಿದೆ. ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿ ಟೈಪಾದ ಲೇಖನದಲ್ಲಿ ‘ಕೆರೆ’ ಹುಡುಕಿದರೆ ಸಿಗದು. ಅಲ್ಲಿ ‘ಕೆ’ ಎಂದರೆ ಇಂಗ್ಲಿಷಿನ ‘ಪಿ’ ಮತ್ತು ನೆತ್ತಿಯ ಮೇಲೆ ಗೀಟಿರುವ ‘ಇ’. ತೆರೆಯ ಮೇಲೆ ಕನ್ನಡವಾಗಿ ಕಾಣಿಸುವುದು ಫಾಂಟಿನಿಂದ ಮಾತ್ರ. ಅಂಥ ಫೈಲುಗಳನ್ನು ಮೊದಲು ಯೂನಿಕೋಡಿಗೆ ಬದಲಾಯಿಸಿ, ಆಮೇಲೆ ಹುಡುಕಿ.