ಹಸಿರುಮನೆಯಲ್ಲಿ ಸ್ಟ್ರಾಬೆರಿಯ ಲಂಬ ಜಲಕೃಷಿ: ತತ್ತ್ವ, ವಿಧಾನ ಮತ್ತು ಮಿತಿಗಳು

ಸ್ಟ್ರಾಬೆರಿಯನ್ನು ನೆಲದಿಂದ ಮೇಲೆತ್ತಿ, ಮಣ್ಣಿನ ಸಂಪರ್ಕವಿಲ್ಲದೆ ಬೆಳೆಸುವ ಪದ್ಧತಿಯು ಕೇವಲ ಸ್ಥಳಾಭಾವದಿಂದ ರೂಪುಗೊಂಡುದಲ್ಲ. ಅದರ ಹಿಂದೆ ಮಣ್ಣಿನಲ್ಲಿ ನೆಲೆನಿಂತ ರೋಗಗಳ ಸಮಸ್ಯೆಯೂ ಇದೆ. ಒಂದೇ ಭೂಮಿಯಲ್ಲಿ ಈ ಬೆಳೆಯನ್ನು ಮತ್ತೆ ಮತ್ತೆ ತೆಗೆದಾಗ ವರ್ಟಿಸಿಲಿಯಮ್, ಫೈಟಾಫ್ತೊರಾ ಮೊದಲಾದ ರೋಗಕಾರಕಗಳು ಬೇರನ್ನೂ ಕಾಂಡದ ಬುಡವನ್ನೂ ಆಕ್ರಮಿಸುತ್ತವೆ. ಇವುಗಳ ನಿವಾರಣೆಗಾಗಿ ಹಲವು ದಶಕಗಳ ಕಾಲ ಮೀಥೈಲ್ ಬ್ರೋಮೈಡ್ ಅನಿಲವನ್ನು ಮಣ್ಣಿಗೆ ಹಾಯಿಸಲಾಗುತ್ತಿತ್ತು. ಓಜೋನ್ ಪದರವನ್ನು ಶಿಥಿಲಗೊಳಿಸುವ ಈ ಅನಿಲವು 1992ರಲ್ಲಿ ಮಾಂಟ್ರಿಯಲ್ ಒಪ್ಪಂದದ ವ್ಯಾಪ್ತಿಗೆ ಸೇರಿತು. ಇದರ ಕೃಷಿಬಳಕೆಯನ್ನು ನಿಲ್ಲಿಸಲು ಅಭಿವೃದ್ಧಿ ಹೊಂದಿದ ದೇಶಗಳಿಗೆ 2005ರ, ಅಭಿವೃದ್ಧಿಶೀಲ ದೇಶಗಳಿಗೆ 2015ರ ಗಡುವು ನಿಗದಿಯಾಯಿತು. ಕ್ಯಾಲಿಫೋರ್ನಿಯದ ಸ್ಟ್ರಾಬೆರಿ ಹೊಲಗಳಿಗೆ ದೊರೆತಿದ್ದ ವಿಶೇಷ ವಿನಾಯಿತಿಯೂ 2016ರೊಂದಿಗೆ ಮುಗಿಯಿತು. ಮಣ್ಣುರಹಿತ ಬೇಸಾಯದತ್ತ ಬೆಳೆಗಾರರ ಗಮನ ಹೊರಳಲು ಇದೊಂದು ಪ್ರಬಲ ಕಾರಣ.

ಮಣ್ಣಿಲ್ಲದೆ ಸಸ್ಯವನ್ನು ಬೆಳೆಸಬಹುದೆಂಬ ಅರಿವು ಹೊಸದಲ್ಲ. ಜರ್ಮನಿಯ ಸ್ಯಾಕ್ಸ್ ಮತ್ತು ನಾಪ್ ಅವರು 1860ರ ದಶಕದಲ್ಲಿಯೇ ಲವಣದ್ರಾವಣಗಳಲ್ಲಿ ಗಿಡಗಳನ್ನು ಬೆಳೆಸಿ ತೋರಿಸಿದ್ದರು. ಪ್ರಯೋಗಾಲಯದ ಈ ವಿಧಾನವನ್ನು ಬೇಸಾಯದ ಮಟ್ಟಕ್ಕೆ ಒಯ್ಯಲು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡಬ್ಲ್ಯು. ಎಫ್. ಗೆರಿಕೆ 1929ರ ಸುಮಾರಿಗೆ ಯತ್ನಿಸಿದರು. 1937ರಲ್ಲಿ 'ಹೈಡ್ರೊಪೋನಿಕ್ಸ್' ಎಂಬ ಹೆಸರನ್ನು ಬಳಕೆಗೆ ತಂದರು. ಭಾರತದಲ್ಲಿ ಷಾಲ್ಟೊ ಡಗ್ಲಸ್ 1940ರ ದಶಕದಲ್ಲಿ ಬಂಗಾಳದ ಕಾಲಿಂಪಾಂಗ್ ಪ್ರದೇಶದಲ್ಲಿ ನಡೆಸಿದ ಪ್ರಯೋಗಗಳು 'ಬಂಗಾಳ ಪದ್ಧತಿ' ಎಂದು ಹೆಸರಾದವು.

ಇಂದಿನ ತೋಟದ ಸ್ಟ್ರಾಬೆರಿಯು ಉತ್ತರ ಅಮೆರಿಕದ ಮತ್ತು ಚಿಲಿ ದೇಶದ ಎರಡು ಪ್ರಭೇದಗಳು 18ನೆಯ ಶತಮಾನದ ಯೂರೋಪಿನಲ್ಲಿ ಕೂಡಿದುದರ ಫಲ. ಗಿಡವು ಗಿಡ್ಡ, ಬೇರು ಆಳಕ್ಕಿಳಿಯದು. ಆದ್ದರಿಂದ ಕಿರಿದಾದ ಕುಂಡ ಅಥವಾ ಕಾಲುವೆಯೇ ಅದಕ್ಕೆ ಸಾಕು. ಲಂಬ ವ್ಯವಸ್ಥೆಗೆ ಈ ಗುಣವೇ ಆಧಾರ. ಒಂದರ ಮೇಲೊಂದು ಕುಂಡಗಳನ್ನು ಜೋಡಿಸಿದ ಸ್ತಂಭ, ಇಳಿಜಾರು ಚೌಕಟ್ಟಿನ ಮೇಲೆ ಹಂತಹಂತವಾಗಿ ಕೂರಿಸಿದ ಕಾಲುವೆ, ದೀಪದ ಬೆಳಕನ್ನೇ ಅವಲಂಬಿಸಿದ ಮುಚ್ಚಿದ ಕೋಣೆ ಎಂಬ ಮೂರು ಮಾದರಿಗಳನ್ನು ಮುಖ್ಯವಾಗಿ ಗುರುತಿಸಬಹುದು. ಬೇರಿಗೆ ಆಸರೆಯಾಗಿ ತೆಂಗಿನ ನಾರಿನ ಪುಡಿಯನ್ನು ಹೆಚ್ಚಾಗಿ ಬಳಸುತ್ತಾರೆ. ತೆಂಗು ಬೆಳೆಯುವ ತುಮಕೂರು, ಹಾಸನದಂಥ ಜಿಲ್ಲೆಗಳಿಗೆ ಇದು ಪರಿಚಿತ ವಸ್ತು. ಆದರೆ ಅದರಲ್ಲಿರುವ ಸೋಡಿಯಂ ಮತ್ತು ಪೊಟ್ಯಾಸಿಯಂ ಅಂಶಗಳನ್ನು ತೊಳೆದು, ಕ್ಯಾಲ್ಸಿಯಂ ನೈಟ್ರೇಟಿನಿಂದ ಹದಗೊಳಿಸದಿದ್ದರೆ ಗಿಡಕ್ಕೆ ಹಾನಿಯಾಗಬಹುದು. ಸ್ಟ್ರಾಬೆರಿಯು ಲವಣವನ್ನು ಸಹಿಸದ ಬೆಳೆಗಳಲ್ಲೊಂದು. ಆದಕಾರಣ ಪೋಷಕ ದ್ರಾವಣದ ವಿದ್ಯುತ್ ವಾಹಕತೆಯನ್ನು ಸಾಮಾನ್ಯವಾಗಿ ಮೀಟರಿಗೆ 1ರಿಂದ 1.5 ಡೆಸಿಸೀಮೆನ್ಸ್ ಆಸುಪಾಸಿನಲ್ಲಿಯೂ ರಸಸಾರವನ್ನು 5.5ರಿಂದ 6.5ರೊಳಗೂ ಕಾಯ್ದುಕೊಳ್ಳಲಾಗುತ್ತದೆ.

ದ್ರಾವಣ ಸರಿಯಾಗಿದ್ದ ಮಾತ್ರಕ್ಕೆ ಪೋಷಣೆ ಸರಿಯಾಗಿದೆ ಎನ್ನಲಾಗದು. ಎಳೆಯ ಎಲೆಗಳ ತುದಿ ಸುಡುವ ದೋಷವು ಇದಕ್ಕೆ ನಿದರ್ಶನ. ಕ್ಯಾಲ್ಸಿಯಂ ನೀರಿನೊಡನೆ ಮಾತ್ರ ಮೇಲಕ್ಕೆ ಸಾಗುತ್ತದೆ. ಹಗಲಿನಲ್ಲಿ ಬಾಷ್ಪವಿಸರ್ಜನೆ ಹೆಚ್ಚಾಗಿರುವ ಬಲಿತ ಎಲೆಗಳು ಆ ನೀರನ್ನು ಸೆಳೆದುಕೊಳ್ಳುವುದರಿಂದ, ಮಡಿಕೆ ಬಿಚ್ಚದ ಎಲೆಗಳಿಗೆ ಕ್ಯಾಲ್ಸಿಯಂ ದೊರೆಯುವುದಿಲ್ಲ. ರಾತ್ರಿ ಗಾಳಿಯಲ್ಲಿ ತೇವವಿದ್ದಾಗ ಬೇರಿನ ಒತ್ತಡವೇ ನೀರನ್ನು ಎಳೆಯ ಭಾಗಗಳಿಗೆ ದೂಡುತ್ತದೆ. ಆದರೆ ಅದೇ ತೇವವು ಹೂ ಮತ್ತು ಹಣ್ಣುಗಳ ಬೂದು ಬೂಷ್ಟಿಗೆ ಅನುಕೂಲವಾಗುತ್ತದೆ. ಹಸಿರುಮನೆಯ ನಿರ್ವಹಣೆಯ ಕೌಶಲವು ಈ ಎರಡರ ನಡುವಿನ ಸಮತೋಲದಲ್ಲಿದೆ.

ಪರಾಗಸ್ಪರ್ಶವೂ ಇಂಥದೇ ಸೂಕ್ಷ್ಮ ವಿಷಯ. ಹಣ್ಣೆಂದು ತಿನ್ನುವ ಕೆಂಪು ಭಾಗವು ಊದಿಕೊಂಡ ಪುಷ್ಪಪೀಠ. ಮೇಲೆ ಬೀಜದಂತೆ ಕಾಣುವ ಕಣಗಳೇ ಸಸ್ಯಶಾಸ್ತ್ರದ ದೃಷ್ಟಿಯಿಂದ ನಿಜವಾದ ಹಣ್ಣುಗಳು. ಈ ಕಣಗಳು ಸ್ರವಿಸುವ ಆಕ್ಸಿನ್ ಪುಷ್ಪಪೀಠವನ್ನು ಬೆಳೆಸುತ್ತದೆಂಬುದನ್ನು ಜೆ. ಪಿ. ನಿಟ್ಶ್ 1950ರಲ್ಲಿ ತೋರಿಸಿದರು. ಫಲಿತವಾಗದ ಕಣಗಳಿರುವೆಡೆ ಹಣ್ಣು ಸೊಟ್ಟಗಾಗುತ್ತದೆ. ಗಾಳಿ, ಕೀಟಗಳ ಸಂಚಾರವಿಲ್ಲದ ಹಸಿರುಮನೆಯಲ್ಲಿ ಜೇನುಹುಳು ಅಥವಾ ಬಂಬಲ್ ದುಂಬಿಯ ಗೂಡುಗಳನ್ನಿಡುವುದು ಈ ಕಾರಣದಿಂದಲೇ.

ಲಂಬ ಪದ್ಧತಿಯ ಮೂಲಭೂತ ಮಿತಿಯಿರುವುದು ಬೆಳಕಿನಲ್ಲಿ. ಸ್ತರಗಳನ್ನು ಹೆಚ್ಚಿಸಿದರೆ ಗಿಡಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಭೂಮಿಯ ಮೇಲೆ ಬೀಳುವ ಬಿಸಿಲು ಹೆಚ್ಚುವುದಿಲ್ಲ. ಹಸಿರುಮನೆಯ ಒಂದು ಚದರ ಮೀಟರಿಗೆ ದಿನಕ್ಕೆ 30 ಮೋಲ್ ಬೆಳಕು ದೊರೆಯುವುದೆಂದು ಭಾವಿಸೋಣ. ನಾಲ್ಕು ಸ್ತರಗಳು ಅದನ್ನು ಸಮವಾಗಿ ಹಂಚಿಕೊಂಡರೆ ತಲಾ 7.5 ಮೋಲ್ ಮಾತ್ರ ಲಭ್ಯ. ವಾಸ್ತವದಲ್ಲಿ ಹಂಚಿಕೆ ಸಮವಾಗಿರದು. ಸ್ತಂಭದ ಮೇಲಿನ ಗಿಡಗಳು ಚೆನ್ನಾಗಿ ಫಲಿಸಿದರೂ ನೆರಳಿಗೆ ಸಿಕ್ಕ ಕೆಳಗಿನವು ಸೊರಗುತ್ತವೆ. ಕೊರತೆಯನ್ನು ದೀಪಗಳಿಂದ ತುಂಬಬಹುದು. ಒಂದು ಜೂಲ್ ವಿದ್ಯುತ್ತಿಗೆ 3 ಮೈಕ್ರೊಮೋಲ್ ಬೆಳಕು ನೀಡುವ ಉತ್ತಮ ಎಲ್‌ಇಡಿ ದೀಪವನ್ನು ಬಳಸಿದರೂ, ಚದರ ಮೀಟರಿಗೆ 17 ಮೋಲ್ ಒದಗಿಸಲು ದಿನಕ್ಕೆ ಸುಮಾರು 1.6 ಯೂನಿಟ್ ವಿದ್ಯುತ್ ಬೇಕು. ನೂರು ದಿನಗಳಿಗೆ ಇದು ಒಂದೊಂದು ಸ್ತರಕ್ಕೂ ಸುಮಾರು 160 ಯೂನಿಟ್ ಆಗುತ್ತದೆ. ಅಮೆರಿಕದ ವರ್ಜೀನಿಯದಲ್ಲಿ 2024ರಲ್ಲಿ 30 ಅಡಿ ಎತ್ತರದ ಸ್ತಂಭಗಳಲ್ಲಿ ಸ್ಟ್ರಾಬೆರಿ ಬೆಳೆಯುವ ಘಟಕವನ್ನು ತೆರೆದ ಪ್ಲೆಂಟಿ ಸಂಸ್ಥೆಯು 2025ರ ಮಾರ್ಚಿನಲ್ಲಿ ದಿವಾಳಿ ಕಾಯಿದೆಯ ರಕ್ಷಣೆ ಕೋರಬೇಕಾಯಿತು. ತಾಂತ್ರಿಕ ಸಾಧ್ಯತೆಯೂ ಆರ್ಥಿಕ ಸಾಧ್ಯತೆಯೂ ಒಂದೇ ಅಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ರೋಗದ ಪ್ರಶ್ನೆಯೂ ಪೂರ್ಣವಾಗಿ ಮುಗಿದಿಲ್ಲ. ಫೈಟಾಫ್ತೊರಾದ ಚಲಬೀಜಕಗಳು ನೀರಿನಲ್ಲಿ ಈಜಬಲ್ಲವು. ಒಂದು ಗಿಡದಿಂದ ಬಸಿದ ದ್ರಾವಣವೇ ಮರಳಿ ಎಲ್ಲ ಗಿಡಗಳಿಗೂ ಹರಿಯುವಲ್ಲಿ, ನೇರಳಾತೀತ ಕಿರಣ ಅಥವಾ ನಿಧಾನಗತಿಯ ಮರಳು ಸೋಸುವಿಕೆಯಿಂದ ಶುದ್ಧೀಕರಿಸದಿದ್ದರೆ ಮಣ್ಣಿನಿಂದ ದೂರವಾದ ರೋಗವು ನೀರಿನ ಮೂಲಕ ಮರಳುತ್ತದೆ.

ಭಾರತದಲ್ಲಿ ಸ್ಟ್ರಾಬೆರಿಯ ಮುಖ್ಯ ನೆಲೆ ಮಹಾರಾಷ್ಟ್ರದ ಮಹಾಬಲೇಶ್ವರ; 2010ರಲ್ಲಿ ಭೌಗೋಳಿಕ ಗುರುತು ಪಡೆದ ಅಲ್ಲಿನ ಹಣ್ಣು ಕೆಂಪು ಮಣ್ಣಿನಲ್ಲಿ, ತಂಪಾದ ಹವೆಯಲ್ಲಿ ಬೆಳೆದುದು. ಬಯಲುಸೀಮೆಯಲ್ಲಿ ಇದನ್ನು ಬೆಳೆಯಬಯಸುವವರು ಬೆಳಕಿಗಿಂತ ಮೊದಲು ಉಷ್ಣತೆಯನ್ನು ಎದುರಿಸಬೇಕಾಗುತ್ತದೆ, ಏಕೆಂದರೆ ಅಲ್ಪ ಹಗಲಿನ ತಳಿಗಳು ಸೆಕೆಯಲ್ಲಿ ಮೊಗ್ಗು ತಳೆಯಲಾರವು. ಬಿಸಿಲು ಧಾರಾಳವಾಗಿರುವಲ್ಲಿ ಎತ್ತರಿಸಿದ ಒಂದೇ ಸ್ತರದ ಕಾಲುವೆಯು, ಅಥವಾ ಸಾಲುಗಳ ನಡುವೆ ಸಾಕಷ್ಟು ಅಂತರವಿಟ್ಟ ಎರಡು ಸ್ತರಗಳ ಚೌಕಟ್ಟು, ಎತ್ತರದ ಸ್ತಂಭಕ್ಕಿಂತ ಹೆಚ್ಚು ಭರವಸೆಯದು. ಎಷ್ಟು ಸ್ತರಗಳನ್ನು ಪೇರಿಸಬಹುದು ಎಂಬುದಕ್ಕಿಂತ, ಪ್ರತಿ ಸ್ತರದ ಎಲೆಗೂ ಎಷ್ಟು ಬೆಳಕು ಯಾವ ವೆಚ್ಚದಲ್ಲಿ ತಲುಪುತ್ತದೆ ಎಂಬುದೇ ಈ ಪದ್ಧತಿಯ ಮೌಲ್ಯಮಾಪನಕ್ಕೆ ಸರಿಯಾದ ಅಳತೆಗೋಲು.