ಓಟವೂ ಬೇಕು, ನಿಲುಗಡೆಯೂ ಬೇಕು

ಆಟಗಳಲ್ಲಿ ಓಟದ ಆಟಗಳಿವೆ, ಗುರಿಯ ಆಟಗಳೂ ಇವೆ. ಓಟಗಾರನಿಗೆ ಕಾಲಿನ ವೇಗವೇ ಬಂಡವಾಳ. ಗುರಿಕಾರನಿಗೆ ದೇಹದ ನಿಶ್ಚಲತೆಯೇ ಬಂಡವಾಳ. ಒಂದನ್ನು ಸಾಧಿಸಿದವನಿಗೆ ಮತ್ತೊಂದು ದಕ್ಕುವುದು ಕಷ್ಟ. ಇವೆರಡನ್ನೂ ಒಂದೇ ಪಂದ್ಯದಲ್ಲಿ ಒಬ್ಬನೇ ಮಾಡಿ ತೋರಿಸಬೇಕೆಂದು ಕೇಳುವ ಕ್ರೀಡೆಯೊಂದು ಯೂರೋಪಿನ ಹಿಮಪ್ರದೇಶಗಳಲ್ಲಿ ಬೆಳೆದು ಬಂದಿದೆ. ಅದರ ಹೆಸರು ಬಯಥ್ಲಾನ್. ಹಿಮವನ್ನೇ ಕಾಣದ ಪುಣೆಯಲ್ಲಿ ದುಡಿದು ಬಾಳುವ ನಮಗೆ ಅದರ ಗೊಡವೆ ಏಕೆಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ಇದೇ ಊರಿನ ಬಾಲೇವಾಡಿಯಲ್ಲಿಯೂ ನಮ್ಮ ಕೊಡಗಿನಲ್ಲಿಯೂ ಇದೆ. ಮೊದಲು ಆಟದ ಬಗೆಯನ್ನು ತಿಳಿಯೋಣ.

ಪಂದ್ಯದ ಕ್ರಮ

ಕಾಲಿಗೆ ಸ್ಕೀ ಎಂಬ ಉದ್ದನೆಯ ಜಾರುಹಲಗೆಗಳನ್ನು ತೊಟ್ಟು, ಮೂರೂವರೆ ಕಿಲೋಗ್ರಾಂಗೆ ಕಡಮೆಯಿಲ್ಲದ ರೈಫಲನ್ನು ಬೆನ್ನಿಗೆ ಹಾಕಿಕೊಂಡು, ಸ್ಪರ್ಧಿಯು ಹಿಮದ ಏರಿಳಿತಗಳಲ್ಲಿ ಸಾಗಬೇಕು. ನಡುನಡುವೆ ಶೂಟಿಂಗ್ ರೇಂಜಿಗೆ ಬಂದು 50 ಮೀಟರ್ ದೂರದ ಐದು ಗುರಿಗಳಿಗೆ ಐದು ಗುಂಡು ಹೊಡೆಯಬೇಕು. ಒಮ್ಮೆ ಮಲಗಿ, ಮತ್ತೊಮ್ಮೆ ನಿಂತು. ಮಲಗಿ ಹೊಡೆಯುವಾಗ ಗುರಿಯ ಅಗಲ 45 ಮಿಲಿಮೀಟರ್, ಎಂದರೆ ಒಂದು ನಿಂಬೆಹಣ್ಣಿನಷ್ಟು. ನಿಂತು ಹೊಡೆಯುವಾಗ 115 ಮಿಲಿಮೀಟರ್, ಒಂದು ಸಣ್ಣ ಸಾಸರಿನಷ್ಟು. ಹಲವು ಪಂದ್ಯಗಳಲ್ಲಿ ತಪ್ಪಿದ ಪ್ರತಿ ಗುಂಡಿಗೂ 150 ಮೀಟರಿನ ದಂಡದ ಸುತ್ತೊಂದನ್ನು ಹೆಚ್ಚಾಗಿ ಸುತ್ತಬೇಕು.

ಅಂತಾರಾಷ್ಟ್ರೀಯ ಪಂದ್ಯಗಳು ಸಾಮಾನ್ಯವಾಗಿ ವಾರದ ಕೊನೆಯ ದಿನಗಳಲ್ಲಿ ನಡೆಯುತ್ತವೆ. ಸ್ಪ್ರಿಂಟ್ ಎಂಬ ಕಿರು ಪಂದ್ಯದಲ್ಲಿ ಪುರುಷರಿಗೆ 10 ಕಿಲೋಮೀಟರ್, ಮಹಿಳೆಯರಿಗೆ 7.5 ಕಿಲೋಮೀಟರ್. ಅನಂತರದ ಬೆನ್ನಟ್ಟುವ ಪಂದ್ಯದಲ್ಲಿ, ಸ್ಪ್ರಿಂಟಿನಲ್ಲಿ ಯಾರು ಎಷ್ಟು ಸೆಕೆಂಡು ಹಿಂದುಳಿದಿದ್ದರೋ ಅಷ್ಟೇ ತಡವಾಗಿ ಅವರು ಹೊರಡಬೇಕು. ಸ್ಪ್ರಿಂಟಿನ ತಪ್ಪಿನ ಸಾಲವನ್ನು ಇಲ್ಲಿ ತೀರಿಸಬೇಕು. ಕೊನೆಯ ಗೆರೆಯನ್ನು ಮೊದಲು ಮುಟ್ಟಿದವರಿಗೆ ಜಯ.

ಪುರುಷರಿಗೂ ಮಹಿಳೆಯರಿಗೂ ಗುರಿಯ ದೂರ ಒಂದೇ, ಅಗಲವೂ ಒಂದೇ. ಆದರೆ ಈ ಸಮಾನತೆ ಸುಲಭವಾಗಿ ಬಂದದ್ದಲ್ಲ. ಪುರುಷರ ಬಯಥ್ಲಾನ್ 1960ರಲ್ಲಿಯೇ ಒಲಿಂಪಿಕ್ಸನ್ನು ಸೇರಿತು. ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ಆರಂಭವಾದದ್ದು 1984ರಲ್ಲಿ; ಒಲಿಂಪಿಕ್ಸಿನ ಬಾಗಿಲು ಅವರಿಗೆ ತೆರೆದದ್ದು 1992ರಲ್ಲಿ, ಆಲ್ಬರ್ಟ್‌ವಿಲ್‌ನಲ್ಲಿ. 2014ರ ಸೋಚಿ ಒಲಿಂಪಿಕ್ಸಿನಿಂದ ಸ್ತ್ರೀಪುರುಷರು ಒಂದೇ ತಂಡವಾಗಿ ಓಡುವ ಮಿಶ್ರ ರಿಲೇ ಕೂಡ ಬಂದಿದೆ.

ಹದಿನೈದನೆಯವನ ಜಯ

1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿಯಲ್ಲಿ ನಡೆದ ಪ್ರಥಮ ಒಲಿಂಪಿಕ್ ಪಂದ್ಯದ ಕಥೆ ಕೇಳತಕ್ಕದ್ದು. ದೂರ 20 ಕಿಲೋಮೀಟರ್, ಗುಂಡುಗಳು 20, ತಪ್ಪಿದ ಒಂದೊಂದಕ್ಕೆ ಎರಡು ನಿಮಿಷದ ದಂಡ. ಓಟದಲ್ಲಿ ಎಲ್ಲರನ್ನೂ ಮೀರಿಸಿದವನು ಫ್ರಾನ್ಸಿನ ವಿಕ್ಟರ್ ಆರ್ಬೆ. ಆದರೆ ಅವನ 18 ಗುಂಡುಗಳು ಗುರಿ ತಪ್ಪಿದವು; ಅವನಿಗೆ ದೊರೆತದ್ದು 25ನೆಯ ಸ್ಥಾನ. ಸ್ವೀಡನ್ನಿನ ಕ್ಲಾಸ್ ಲೆಸ್ಟಾಂಡರ್ ಓಟದ ವೇಗದಲ್ಲಿ ಬರೀ 15ನೆಯವನು. ಆದರೆ ಅವನ 20 ಗುಂಡುಗಳಲ್ಲಿ ಒಂದೂ ತಪ್ಪಲಿಲ್ಲ. ಚಿನ್ನದ ಪದಕ ಅವನ ಕೊರಳಿಗೆ ಬಿದ್ದಿತು.

ಏದುಸಿರು ಬಿಡುತ್ತ ಬಂದವನ ಎದೆಬಡಿತ ರೈಫಲಿನ ತುದಿಯವರೆಗೂ ಮುಟ್ಟುತ್ತದೆ. ಆ ಬಡಿತವನ್ನು ನಿಲ್ಲಿಸುವುದು ಯಾರಿಗೂ ಸಾಧ್ಯವಿಲ್ಲ. ಒಂದೆರಡು ದೀರ್ಘ ಉಸಿರುಗಳ ಅನಂತರ ಕ್ಷಣಮಾತ್ರ ಉಸಿರು ಹಿಡಿದು, ಆ ಸಂದಿಯಲ್ಲಿ ಗುಂಡು ಬಿಡಬೇಕು. ನಮ್ಮ ಹೋಟೆಲು ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಗದ್ದಲದಲ್ಲಿ ಅಡುಗೆಮನೆಗೂ ಮೇಜಿಗೂ ನೂರು ಸಲ ಓಡಿದ ಕೈಯೇ ತುಂಬಿದ ಕಾಫಿ ಲೋಟವನ್ನು ತುಳುಕದಂತೆ ಗಿರಾಕಿಯ ಮುಂದಿಡಬೇಕು. ಓಡೋಡಿ ಬಸ್ಸು ಹಿಡಿದು ಕಛೇರಿ ಸೇರಿದ ಗುಮಾಸ್ತನು ಕುಳಿತೊಡನೆ ಲೆಕ್ಕದ ಕಾಲಮಿನಲ್ಲಿ ಒಂದು ಪೈಸೆಯೂ ತಪ್ಪದಂತೆ ಕೂಡಬೇಕು. ಓಟಕ್ಕೆ ಹೊಗಳಿಕೆ ಸಿಗುತ್ತದೆ. ಓಟದ ನಡುವಿನ ಈ ನಿಲುಗಡೆಯನ್ನು ಲೋಕ ಗಮನಿಸುವುದು ಅಪರೂಪ.

ಬಾಲೇವಾಡಿಯಲ್ಲಿ ಅರ್ಧ, ಕೊಡಗಿನಲ್ಲಿ ಅರ್ಧ

1978ರಿಂದ ಬಯಥ್ಲಾನಿನಲ್ಲಿ ಬಳಕೆಯಾಗುತ್ತಿರುವುದು .22 ಬೋರಿನ ಸಣ್ಣ ರೈಫಲು. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿಯೂ ಇದೇ ಬೋರು, ಇದೇ ದೂರ. ಆದ್ದರಿಂದ ಈ ಹಿಮದ ಆಟದ ಅರ್ಧಭಾಗ ಪುಣೆಯಲ್ಲಿಯೇ ಇದೆಯೆನ್ನಬಹುದು. ಬಾಲೇವಾಡಿಯ ಶ್ರೀ ಶಿವಛತ್ರಪತಿ ಕ್ರೀಡಾಸಂಕುಲದ ರೇಂಜಿನಲ್ಲಿ ಅಭ್ಯಾಸ ಮಾಡಿದ ಸ್ವಪ್ನಿಲ್ ಕುಸಾಳೆ 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚಿನ ಪದಕವನ್ನು ತಂದರು. ಈ ಸ್ಪರ್ಧೆಯಲ್ಲಿ ಭಾರತಕ್ಕೆ ದೊರೆತ ಪ್ರಥಮ ಒಲಿಂಪಿಕ್ ಪದಕ ಅದು. ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯ ಶಿಕ್ಷಕರೊಬ್ಬರ ಮಗನಾದ ಅವರು ಆಗ ಮಧ್ಯ ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರು. ಅದೇ ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ ಮಲಗಿ ಗುರಿಯಿಡುವ 50 ಮೀಟರ್ ರೈಫಲ್ ಸ್ಪರ್ಧೆಯನ್ನು ಗೆದ್ದು, ಶೂಟಿಂಗಿನಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ ಮಹಿಳೆಯೆನಿಸಿದರು.

ಉಳಿದರ್ಧ ಹಿಮದ ಓಟ. ಅದಕ್ಕೂ ಕನ್ನಡ ನಾಡು ಹೊರತಲ್ಲ. ಮಂಜು ಮುಸುಕಿದರೂ ಹಿಮ ಬೀಳದ ಕೊಡಗಿನಿಂದ ಬಂದ ತೆಕ್ಕಡ ಭವಾನಿ ನಂಜುಂಡ ಅವರು ಸ್ಕೀ ತೊಟ್ಟು ದೂರ ಸಾಗುವ ಪಂದ್ಯಗಳಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ. ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟಿದ್ದಾರೆ.

ರೈಫಲು ದುಬಾರಿ, ಹಿಮ ದೂರ. ಸಂಬಳಗಾರನ ಮನೆಗೆ ಇಂಥ ಆಟ ಎಟುಕೀತೇ ಎಂಬ ಸಂಶಯ ಸಹಜ. ಆದರೆ ಕುಸಾಳೆಯವರು ಮುಂದೆ ಬಂದದ್ದು ಸಿರಿವಂತಿಕೆಯ ಬಲದಿಂದಲ್ಲ. 2009ರಲ್ಲಿ ಅವರನ್ನು ಸೇರಿಸಿಕೊಂಡದ್ದು ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿ. ಸಾರ್ವಜನಿಕ ಹಣದಿಂದ ತೆರೆದ ಅಂಥ ಬಾಗಿಲಿನಿಂದಲೇ ಅವರು ಒಳಗೆ ಹೋದರು. ಮುಂದೆ ರೈಲ್ವೆಯ ನೌಕರಿ ಅವರ ಬೆನ್ನಿಗೆ ನಿಂತಿತು. ಈ ಊರಿನಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ, ಹೆಣ್ಣಾಗಲಿ ಗಂಡಾಗಲಿ, ಸ್ಥಿರವಾದ ಕೈಯೂ ತಾಳ್ಮೆಯ ಕಣ್ಣೂ ಉಳ್ಳವರಿದ್ದರೆ, ಅಂಥ ಬಾಗಿಲು ಎಲ್ಲಿದೆಯೆಂದು ವಿಚಾರಿಸಿ ಅಲ್ಲಿಗೆ ಅವರನ್ನು ಕರೆದೊಯ್ಯುವುದು ಹಿರಿಯರ ಕರ್ತವ್ಯ. ವಾರದ ಒಂದು ರಜೆಯನ್ನು ಅದಕ್ಕಾಗಿ ಕಳೆದರೆ ಅದು ವ್ಯರ್ಥವಾಗಲಾರದು.