ವಾಹನಶಾಲೆಯ ನಿರ್ಮಾಣ: ಒಂದು ಕೈಯೋ, ಎರಡು ಕೈಯೋ?

ಕೋಟೇಶ್ವರದ ಕೊಡಿಹಬ್ಬಕ್ಕೆ ಸುತ್ತಲಿನ ಗ್ರಾಮಗಳಿಂದ ಎತ್ತಿನ ಗಾಡಿಗಳು ಬರುತ್ತಿದ್ದ ಕಾಲದಲ್ಲಿ ಅವುಗಳನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಯು ಯಾರನ್ನೂ ಅಷ್ಟಾಗಿ ಕಾಡಿರಲಾರದು. ಕೊಯ್ಲು ಮುಗಿದ ಗದ್ದೆಗಳಿದ್ದವು. ಎತ್ತುಗಳನ್ನು ಬಿಚ್ಚಿ ಹುಲ್ಲು ಹಾಕಿ ಕಟ್ಟಿದರೆ ಮುಗಿಯಿತು. ಈಗ ಗದ್ದೆಗಳಿದ್ದಲ್ಲಿ ಮನೆಗಳೆದ್ದಿವೆ, ಗಾಡಿಗಳಿದ್ದಲ್ಲಿ ಕಾರುಗಳು ಬಂದಿವೆ. ಆನೆಗುಡ್ಡೆ, ಮಂದರ್ತಿ, ಕೊಲ್ಲೂರುಗಳಲ್ಲಿ ವಿಶೇಷ ದಿನಗಳಂದು ದೇವರ ದರ್ಶನಕ್ಕಿಂತ ಮೊದಲು ಸ್ಥಳದರ್ಶನಕ್ಕಾಗಿ ಅಲೆಯಬೇಕು. ಮದುವೆಯ ಮುಹೂರ್ತವು ಹೆಚ್ಚಿದ ದಿನ ಕುಂದಾಪುರದಿಂದ ಬ್ರಹ್ಮಾವರದವರೆಗೆ ಛತ್ರಗಳಿರುವಲ್ಲೆಲ್ಲ ಹೆದ್ದಾರಿಯ ಬದಿಯು ವಾಹನಶಾಲೆಯಾಗಿ ಮಾರ್ಪಡುತ್ತದೆ.

ಆದುದರಿಂದ ಅಂತಸ್ತುಗಳುಳ್ಳ ವಾಹನಶಾಲೆಯನ್ನು ಕಟ್ಟಿಸುವ ಯೋಚನೆಯು ಈಚೆಗೆ ನಮ್ಮ ಕಡೆಯ ಛತ್ರಗಳವರಿಗೂ, ವಸತಿಸಂಕೀರ್ಣಗಳವರಿಗೂ, ರಸ್ತೆಯ ಬದಿಯಲ್ಲಿ ಜಾಗವುಳ್ಳ ಗೃಹಸ್ಥರಿಗೂ ಬರತೊಡಗಿದೆ. ಇವರೆಲ್ಲರೂ ಮೊದಲು ಕೇಳುವ ಪ್ರಶ್ನೆ, “ಎಷ್ಟು ಖರ್ಚಾದೀತು?” ಎಂಬುದು. ಮೊದಲು ಕೇಳಬೇಕಾದುದು ಬೇರೆಯೇ ಇದೆ. ನಕ್ಷೆಯನ್ನು ಬರೆಯುವವರು ಯಾರು, ಕಟ್ಟುವವರು ಯಾರು, ಅವರಿಬ್ಬರೂ ಒಬ್ಬರೇ ಆಗಿರಬೇಕೋ ಬೇಡವೋ?

ಈ ಪ್ರಶ್ನೆಯು ನಮ್ಮ ಕುಟುಂಬದಲ್ಲಿಯೇ ಹುಟ್ಟಿಕೊಂಡುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ. ನನ್ನ ಸೋದರಮಾವನವರು ಹತ್ತು ವರ್ಷಗಳ ಹಿಂದೆ ಪೇಟೆಯಲ್ಲಿದ್ದ ಹಂಚಿನ ಮನೆಯನ್ನು ತೆಗೆದು, ಕೆಳಗೆ ಕಾರುಗಳಿಗೆ ಸ್ಥಳ, ಮೇಲೆ ಅಂಗಡಿಗಳು ಇರುವಂತೆ ಒಂದು ಕಟ್ಟಡವನ್ನು ಕಟ್ಟಿಸಿದರು. ಇಂಜಿನಿಯರರು ನಕ್ಷೆ ಬರೆದರು. ಬೇರೊಬ್ಬ ಕಂತ್ರಾಟುದಾರರು ಕೆಲಸ ಹಿಡಿದರು. ಪಾಯ ತೆಗೆಯುವಾಗ ಒಂದು ಕಂಬದ ಜಾಗದಲ್ಲಿ ಎಂದೋ ಮುಚ್ಚಿದ್ದ ಹಳೆಯ ಬಾವಿಯು ಸಿಕ್ಕಿತು. ಕಂಬವನ್ನು ಎರಡಡಿ ಸರಿಸಿದರು. ಇಂಜಿನಿಯರರಿಗೆ ಯಾರೂ ತಿಳಿಸಲಿಲ್ಲ. ಕಟ್ಟಡವು ಮುಗಿದ ಮೇಲೆ ನೋಡಿದರೆ ಮೂರು ಕಾರುಗಳು ನಿಲ್ಲಬೇಕಾಗಿದ್ದ ಸಾಲಿನಲ್ಲಿ ಎರಡೇ ನಿಲ್ಲುತ್ತವೆ. ಎರಡನೆಯದರ ಬಾಗಿಲನ್ನು ತೆರೆದು ಇಳಿಯಬೇಕಾದರೆ ತೆಳ್ಳಗಿನವರೇ ಆಗಬೇಕು. “ನಕ್ಷೆಯಂತೆ ಕಟ್ಟಿಲ್ಲ” ಎಂದರು ಇಂಜಿನಿಯರರು. “ಬಾವಿಯ ಮೇಲೆ ಕಂಬ ನಿಲ್ಲಿಸಲು ನಕ್ಷೆಯಲ್ಲಿ ದಾರಿ ಹೇಳಿರಲಿಲ್ಲ” ಎಂದರು ಕಂತ್ರಾಟುದಾರರು. ಇಬ್ಬರ ಮಾತೂ ಅರ್ಧ ಸತ್ಯವೇ. ನಷ್ಟವು ಮಾತ್ರ ಪೂರ್ಣವಾಗಿ ಮಾವನವರದು.

ಈಗ ಅವರೂ ಅವರ ತಮ್ಮಂದಿರೂ ತಂಗಿಯರೂ ಕೂಡಿ, ಗದ್ದೆ ಮಾರಿದ ಹಣದ ಬಹುಭಾಗವನ್ನು ಹಾಕಿ, ಹಿಂದಿನ ಹಿತ್ತಿಲಿನಲ್ಲಿ ನಾಲ್ಕು ಅಂತಸ್ತಿನ ವಾಹನಶಾಲೆಯನ್ನು ಕಟ್ಟಿಸಿ ಬಾಡಿಗೆಗೆ ಕೊಡಬೇಕೆಂದಿದ್ದಾರೆ. ಹಿರಿಯರ ಗದ್ದೆಯು ಎರಡನೆಯ ಸಲ ಬರುವುದಿಲ್ಲ. ಮಾವನವರು ಈ ಸಲ “ಡಿಸೈನ್-ಬಿಲ್ಡ್” ಎಂಬ ಪದ್ಧತಿಯ ಕಡೆಗೆ ಒಲಿದಿರುವುದು ಆಶ್ಚರ್ಯವಲ್ಲ. ಇದರಲ್ಲಿ ನಕ್ಷೆ, ಲೆಕ್ಕಾಚಾರ, ಸಾಮಗ್ರಿ, ನಿರ್ಮಾಣ ಇವೆಲ್ಲಕ್ಕೂ ಒಂದೇ ಕರಾರುಪತ್ರ, ಒಬ್ಬನೇ ಹೊಣೆಗಾರ. ಬಾವಿ ಸಿಕ್ಕಿದರೆ ಅದಕ್ಕೆ ಉತ್ತರ ಹುಡುಕಬೇಕಾದವನೂ ಅವನೇ, ಕಾರು ನಿಲ್ಲದಿದ್ದರೆ ಉತ್ತರ ಕೊಡಬೇಕಾದವನೂ ಅವನೇ.

ಹೆಸರು ಹೊಸದಾದರೂ ಪದ್ಧತಿಯು ಹಳೆಯದು. ನಮ್ಮ ಕರಾವಳಿಯಲ್ಲಿ ಮರದ ದೋಣಿಯನ್ನು ಕಟ್ಟುತ್ತಿದ್ದ ಮೇಸ್ತ್ರಿಯು ಕಾಗದದ ನಕ್ಷೆಯನ್ನು ಬೇರೆಯವರಿಂದ ಬರೆಯಿಸಿ ತರುತ್ತಿರಲಿಲ್ಲ. ಆಕಾರವು ಅವನ ಮನಸ್ಸಿನಲ್ಲಿಯೂ ಉಳಿಯು ಅವನ ಕೈಯಲ್ಲಿಯೂ ಇರುತ್ತಿದ್ದವು. ಸುಮಾರು 3750 ವರ್ಷಗಳ ಹಿಂದೆ ಬಾಬಿಲೋನಿನ ಹಮ್ಮುರಾಬಿ ರಾಜನ ಶಾಸನದಲ್ಲಿ, ಮನೆಯು ಕುಸಿದು ಯಜಮಾನನು ಸತ್ತರೆ ಕಟ್ಟಿದವನಿಗೆ ಮರಣದಂಡನೆಯೆಂದು ವಿಧಿಸಿದೆ. ಅಲ್ಲಿ ನಕ್ಷೆಯವನು ಬೇರೆ, ಕಟ್ಟಿದವನು ಬೇರೆ ಎಂಬ ವಾದಕ್ಕೆ ಎಡೆಯೇ ಇಲ್ಲ. ಅಷ್ಟು ಕಠಿಣವಾದ ಕರಾರಿಗೆ ಇಂದು ಸಹಿ ಹಾಕುವವರು ಸಿಗಲಾರರು!

ಯಾವತ್ತೂ ಕಟ್ಟಡಗಳಿಗೆ ಈ ಪದ್ಧತಿಯು ಹೊಂದುತ್ತದೆಂದು ನಾನು ಹೇಳಲಾರೆ. ವಾಹನಶಾಲೆಗೆ ಮಾತ್ರ ಬಹುಮಟ್ಟಿಗೆ ಹೊಂದುತ್ತದೆ. ವಾಸದ ಮನೆಯಲ್ಲಿ ಅಡಿಗೆಯ ಕೋಣೆಯ ಕಿಟಕಿ ಎಲ್ಲಿರಬೇಕೆಂದು ಮನೆಯಾಕೆಯು ಮೂರು ಸಲ ಮನಸ್ಸು ಬದಲಿಸಬಹುದು, ಬದಲಿಸುವುದು ನ್ಯಾಯವೂ ಹೌದು. ವಾಹನಶಾಲೆಯಲ್ಲಿ ಅಂಥ ಸೂಕ್ಷ್ಮಗಳು ಕಡಿಮೆ. ಒಂದು ಅಂತಸ್ತಿನಂತೆಯೇ ಇನ್ನೊಂದು. ಅದೇ ಕಂಬ, ಅದೇ ತೊಲೆ, ಅದೇ ಹಾಸು. ಕಂಬಗಳ ನಡುವಣ ಅಂತರವೊಂದು ಸರಿಯಾದರೆ ಮುಕ್ಕಾಲು ಕೆಲಸವು ಸರಿಯಾದಂತೆ. ಈ ಅಂತರವನ್ನು ನಿಶ್ಚಯಿಸುವಾಗ ಕಟ್ಟುವವನು ಪಕ್ಕದಲ್ಲಿದ್ದರೆ, ತನ್ನ ಬಳಿ ಯಾವ ಅಚ್ಚುಗಳಿವೆ, ಬೇರೆಡೆ ಎರಕ ಹೊಯ್ದ ತೊಲೆಗಳನ್ನು ತರಬಹುದೇ, ತಂದರೆ ಓಣಿಯಲ್ಲಿ ಲಾರಿಯು ತಿರುಗೀತೇ ಎಂಬುದನ್ನು ಅಂದೇ ಹೇಳಬಲ್ಲನು. ನಕ್ಷೆಯು ಮುಗಿದ ಮೇಲೆ ಹೇಳಿದರೆ ಅದು ತಕರಾರಾಗುತ್ತದೆ.

ಇನ್ನೊಂದು ಕಾರಣವು ನಮ್ಮ ಊರಿನದೇ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಪಾಯದ ಹೊಂಡವು ಕೆರೆಯಾಗಿರುತ್ತದೆ. ಎಲ್ಲ ನಕ್ಷೆಗಳೂ ಸಂಪೂರ್ಣವಾಗಿ, ಅನಂತರ ಟೆಂಡರು ಕರೆದು, ಅನಂತರ ಕೆಲಸ ಹಿಡಿಯುವ ಕ್ರಮದಲ್ಲಿ ಎರಡು ತಿಂಗಳು ತಡವಾದರೆ ಎರಡು ತಿಂಗಳಷ್ಟೇ ಹೋಗುವುದಿಲ್ಲ. ಒಂದು ಬೇಸಗೆಯೇ ಕೈತಪ್ಪುತ್ತದೆ. ಒಂದೇ ಕೈಯ ಪದ್ಧತಿಯಲ್ಲಿ ಮೇಲಿನ ಅಂತಸ್ತುಗಳ ಸಣ್ಣಪುಟ್ಟ ವಿವರಗಳು ಇನ್ನೂ ಬರೆಯಲ್ಪಡುತ್ತಿರುವಾಗಲೇ, ಭಾರದ ಲೆಕ್ಕವು ಸಿದ್ಧವಾಗಿದ್ದರೆ, ಪಾಯವನ್ನು ತೆಗೆಯಬಹುದು. ದೀಪಾವಳಿಗೆ ಗುದ್ದಲಿಯಿಟ್ಟರೆ ಮುಂದಿನ ಮಳೆಗೆ ಮುಂಚೆ ಕಂಬಗಳು ನೆಲದಿಂದ ಮೇಲೆದ್ದಿರುತ್ತವೆ.

ಆದರೆ ಒಂದೇ ಕೈಗೆ ಕೊಟ್ಟ ಮಾತ್ರಕ್ಕೆ ಕೆಲಸವು ಬೇಗನೆ ಮುಗಿಯುವುದೆಂಬ ಭ್ರಾಂತಿ ಬೇಡ. ಸುರತ್ಕಲ್ಲಿನಿಂದ ಕುಂದಾಪುರದವರೆಗಿನ ಹೆದ್ದಾರಿಯನ್ನು ಚತುಷ್ಪಥ ಮಾಡುವ ಕೆಲಸವನ್ನು 2010ರಲ್ಲಿ ವಿನ್ಯಾಸ, ನಿರ್ಮಾಣ, ಬಂಡವಾಳ, ಸುಂಕವಸೂಲಿ ಎಲ್ಲವನ್ನೂ ಸೇರಿಸಿ ಒಂದೇ ಕೈಗೆ ವಹಿಸಲಾಯಿತು. ಕುಂದಾಪುರದ ಶಾಸ್ತ್ರಿ ವೃತ್ತದ ಮೇಲ್ಸೇತುವೆಯು ಎಷ್ಟು ವರ್ಷ ಅರ್ಧಕ್ಕೇ ನಿಂತಿತ್ತೆಂಬುದನ್ನು ಅದರ ಕೆಳಗೆ ಮಳೆಯಲ್ಲಿ ಬಸ್ಸು ಕಾದವರಿಗೆ ನಾನು ಹೇಳಬೇಕಾಗಿಲ್ಲ. ಮಂಗಳೂರಿನ ಹಂಪನಕಟ್ಟೆಯಲ್ಲಿ ಹಳೆಯ ಬಸ್ ನಿಲ್ದಾಣದ ಜಾಗದಲ್ಲಿ ಬಹುಮಹಡಿ ವಾಹನಶಾಲೆಯನ್ನು ಖಾಸಗಿ ಸಹಭಾಗಿತ್ವದಿಂದ ಕೈಗೆತ್ತಿಕೊಂಡಾಗಲೂ ಕೆಲಸವು ಎಣಿಸಿದ ವೇಗದಲ್ಲಿ ಸಾಗಲಿಲ್ಲ. ಜಾಗ, ಹಣ, ಅನುಮತಿ ಇವು ಸಿದ್ಧವಾಗಿಲ್ಲದಿದ್ದರೆ ಕೈ ಒಂದಾದರೇನು, ಎರಡಾದರೇನು?

ಅದಕ್ಕಿಂತಲೂ ದೊಡ್ಡ ಅಪಾಯವೊಂದಿದೆ. ಎರಡು ಕೈಗಳ ಪದ್ಧತಿಯಲ್ಲಿ ಇಂಜಿನಿಯರನು ಯಜಮಾನನ ಕಣ್ಣಾಗಿರುತ್ತಾನೆ. ಸರಳು ಕಡಿಮೆಯಾದರೆ ಕಂತ್ರಾಟುದಾರನನ್ನು ತಡೆಯುತ್ತಾನೆ. ಒಂದೇ ಕೈಯ ಪದ್ಧತಿಯಲ್ಲಿ ಆ ಕಣ್ಣು ಕಂತ್ರಾಟುದಾರನ ಸಂಬಳಕ್ಕೆ ಸೇರುತ್ತದೆ. ಮೊತ್ತವು ಮೊದಲೇ ನಿಶ್ಚಯವಾಗಿರುವುದರಿಂದ ಉಳಿಸಿದ ಪ್ರತಿಯೊಂದು ರೂಪಾಯಿಯೂ ಅವನದೇ. ಕರಾರುಪತ್ರದಲ್ಲಿ ಬರೆಯದೆ ಬಿಟ್ಟುದೆಲ್ಲವೂ ಅಗ್ಗವಾದ ರೀತಿಯಲ್ಲಿ ಬರೆದಂತೆಯೇ ಸರಿ.

ಹೀಗಾಗಿ ಯಜಮಾನನ ನಿಜವಾದ ಕೆಲಸವು ಟೆಂಡರಿಗಿಂತ ಮೊದಲಿನದು. ಕಟ್ಟಡವು ಹೇಗಿರಬೇಕೆಂದು ಅವನು ಬರೆಯಬೇಕಾಗಿಲ್ಲ. ಏನನ್ನು ಮಾಡಬೇಕೆಂದು ಮಾತ್ರ ಅಳತೆಗೆ ಸಿಗುವಂತೆ ಬರೆಯಬೇಕು. “ಉತ್ತಮ ಗುಣಮಟ್ಟದ ಕಾಂಕ್ರೀಟು” ಎಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ. ಸಮುದ್ರತೀರದ ಗಾಳಿಗೆ ಮೈಯೊಡ್ಡುವ ಕಾಂಕ್ರೀಟಿಗೆ ಭಾರತೀಯ ಮಾನಕ 456ರ 2000ದ ಆವೃತ್ತಿಯು ಎಂ-30ಕ್ಕೆ ಕಡಿಮೆಯಿಲ್ಲದ ದರ್ಜೆಯನ್ನೂ, ಸರಳಿನ ಮೇಲೆ 45 ಮಿಲಿಮೀಟರಿನ ಹೊದಿಕೆಯನ್ನೂ ಹೇಳುತ್ತದೆ. ಅಲೆಯ ತುಂತುರು ನೇರವಾಗಿ ಬಡಿಯುವಲ್ಲಿ ಎಂ-35, 50 ಮಿಲಿಮೀಟರು. ಮರವಂತೆಯಂತಹ ಕಡಲಂಚಿನಲ್ಲಿ ಕಟ್ಟುವವರು ಈ ಎರಡನೆಯದನ್ನೇ ಕೇಳುವುದು ಲೇಸು. ಹೊದಿಕೆಯು ತೆಳುವಾದಲ್ಲಿ ಉಪ್ಪು ಒಳಹೊಕ್ಕು ಸರಳು ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ವಾಹನಶಾಲೆಗೆ ಗೋಡೆಗಳಿರುವುದಿಲ್ಲವಾದುದರಿಂದ ಗಾಳಿಗೂ ಮಳೆಗೂ ಅದರ ಒಳಹೊರಗೆಂಬ ಭೇದವಿಲ್ಲ.

ನೀರಿನ ಮಾತನ್ನು ಎಲ್ಲರೂ ಮರೆಯುತ್ತಾರೆ. ಮಳೆಗಾಲದಲ್ಲಿ ಪ್ರತಿಯೊಂದು ಕಾರೂ ಒಂದು ಕೊಡ ನೀರನ್ನು ಒಳಗೆ ತರುತ್ತದೆ. ಪ್ರತಿ ಅಂತಸ್ತಿನ ಹಾಸಿಗೂ ನೂರಡಿಗೆ ಒಂದೂವರೆ ಅಡಿಯಷ್ಟಾದರೂ ಇಳಿಜಾರು ಬೇಕು, ನೀರು ಹೋಗುವ ಕೊಳವೆಯು ಎಲ್ಲಿ ಮುಗಿಯುತ್ತದೆಂದು ತಿಳಿದಿರಬೇಕು. ನೆರೆಯವರ ಬಾವಿಯಲ್ಲಿ ಮುಗಿಯಬಾರದು. ಏರುದಾರಿಯು ಎಂಟು ಅಡಿಗೆ ಒಂದಡಿಗಿಂತ ಕಡಿದಾಗಿರದಿದ್ದರೆ ವಯಸ್ಸಾದವರೂ ಧೈರ್ಯದಿಂದ ಹತ್ತಿಸಿಯಾರು. ಎಷ್ಟು ಕಾರುಗಳೆಂಬ ವಿಷಯದಲ್ಲಿಯೂ ಮೋಸಹೋಗಬಾರದು. ಕಾರೊಂದು ನಿಲ್ಲಲು ಎರಡೂವರೆ ಮೀಟರು ಅಗಲ, ಐದು ಮೀಟರು ಉದ್ದ ಸಾಕು. ಆದರೆ ತಿರುಗುವ ದಾರಿ, ಏರುದಾರಿ, ಕಂಬಗಳನ್ನು ಸೇರಿಸಿದರೆ ಮೇಲುಚಾವಣಿಯುಳ್ಳಲ್ಲಿ ಕಾರೊಂದಕ್ಕೆ 28 ಚದರ ಮೀಟರು, ನೆಲಮಾಳಿಗೆಯಲ್ಲಿ 32 ಚದರ ಮೀಟರು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆಯು ಲೆಕ್ಕ ಹಿಡಿದಿದೆ. ಇದಕ್ಕಿಂತ ಬಹಳ ಹೆಚ್ಚು ಕಾರುಗಳನ್ನು ತುಂಬಿಸಿ ಕೊಡುತ್ತೇನೆನ್ನುವವನು ಕಾಗದದ ಮೇಲೆ ಮಾತ್ರ ತುಂಬಿಸುತ್ತಾನೆ.

ಬೆಂಕಿಯ ವಿಷಯವನ್ನು ಬರೆಯದೆ ಬಿಟ್ಟರೆ ಏನಾದೀತೆಂಬುದಕ್ಕೆ ಇಂಗ್ಲೆಂಡಿನ ಲೂಟನ್ ವಿಮಾನ ನಿಲ್ದಾಣವೇ ಸಾಕ್ಷಿ. 2023ರ ಅಕ್ಟೋಬರ್ 10ರ ರಾತ್ರಿ ಅಲ್ಲಿಯ ಬಹುಮಹಡಿ ವಾಹನಶಾಲೆಯಲ್ಲಿ ಒಂದು ವಾಹನಕ್ಕೆ ಹತ್ತಿದ ಬೆಂಕಿಯು 1300ಕ್ಕೂ ಹೆಚ್ಚು ವಾಹನಗಳನ್ನು ನುಂಗಿತು. ಕಟ್ಟಡದ ಒಂದು ಭಾಗವು ಕುಸಿಯಿತು. ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರುಗಳು ಅಲ್ಲಿರಲಿಲ್ಲ. ಅಮೇರಿಕದ ಅಟ್ಲಾಂಟಿಕ್ ಸಿಟಿಯಲ್ಲಿ 2003ರ ಅಕ್ಟೋಬರ್ 30ರಂದು ಕಟ್ಟುತ್ತಿದ್ದಾಗಲೇ ವಾಹನಶಾಲೆಯೊಂದರ ಮೇಲಿನ ಅಂತಸ್ತುಗಳು ಕುಸಿದು ನಾಲ್ವರು ಕೆಲಸಗಾರರು ಮಡಿದರು. ಅಲ್ಲಿ ಹಾಸಿನ ಸರಳುಗಳು ಕಂಬಗಳಿಗೆ ಸರಿಯಾಗಿ ಬೆಸೆದಿರಲಿಲ್ಲವೆಂದು ತಿಳಿದುಬಂತು. ಕಾಂಕ್ರೀಟು ಬಿದ್ದ ಮೇಲೆ ಸರಳು ಯಾರ ಕಣ್ಣಿಗೂ ಕಾಣುವುದಿಲ್ಲ.

ಕಾಣುವಾಗಲೇ ನೋಡಲಿಕ್ಕಾಗಿ ಯಜಮಾನನು ತನ್ನದೇ ಸಂಬಳದಲ್ಲಿ ಬೇರೊಬ್ಬ ಇಂಜಿನಿಯರನನ್ನು ಇಟ್ಟುಕೊಳ್ಳಬೇಕು. ಅವನು ನಕ್ಷೆ ಬರೆಯುವವನಲ್ಲ, ಪರಿಶೀಲಿಸುವವನು. “ಒಂದೇ ಕೈಗೆ ಕೊಟ್ಟ ಮೇಲೆ ಇವನೇಕೆ?” ಎಂದು ಮಾವನವರ ತಮ್ಮಂದಿರು ಕೇಳಿದರು. ಸೊಸೆಗೆ ಅಡಿಗೆಯನ್ನು ಒಪ್ಪಿಸಿದ ಮೇಲೂ ಅತ್ತೆಯು ಉಪ್ಪು ನೋಡುವುದಿಲ್ಲವೇ ಎಂದು ಅತ್ತೆಯವರೇ ಉತ್ತರ ಕೊಟ್ಟರು. ಹಣವನ್ನು ತಿಂಗಳಿಗೆ ಇಷ್ಟೆಂದು ಕೊಡದೆ ಪಾಯ, ಮೊದಲ ಹಾಸು, ಎರಡನೆಯ ಹಾಸು ಎಂದು ಮುಗಿದ ಕೆಲಸಕ್ಕೆ, ಈ ಪರಿಶೀಲಕನ ಸಹಿಯ ಮೇಲೆ ಕೊಡಬೇಕು. ವಸತಿಸಂಕೀರ್ಣಗಳ ವಿಷಯದಲ್ಲಿ 2016ರ ರೇರಾ ಕಾಯಿದೆಯು ಕಟ್ಟಡದ ರಚನೆಯ ದೋಷಗಳನ್ನು ಐದು ವರ್ಷಗಳವರೆಗೆ ಕಟ್ಟಿಸಿದವರೇ ಸರಿಪಡಿಸಿಕೊಡಬೇಕೆಂದಿದೆ. ಖಾಸಗಿ ವಾಹನಶಾಲೆಗೂ ಅದೇ ಅವಧಿಯನ್ನು ಕರಾರಿನಲ್ಲಿ ಬರೆಯಿಸಿಕೊಳ್ಳಲು ಅಡ್ಡಿಯೇನು?

ಒಂದು ಕಾರಿನ ಮಾಡು, ಹಳೆಯ ಮನೆಗೆ ಅಂಟಿಸಿ ಕಟ್ಟುವ ಭಾಗ, ದೇವಸ್ಥಾನದ ಸುತ್ತಿನಲ್ಲಿ ಅಂದವನ್ನು ಕೆಡಿಸದೆ ಕಟ್ಟಬೇಕಾದುದು ಇವಕ್ಕೆ ಈ ಪದ್ಧತಿಯನ್ನು ನಾನು ಸೂಚಿಸಲಾರೆ. ಮೊದಲನೆಯದಕ್ಕೆ ಒಳ್ಳೆಯ ಮೇಸ್ತ್ರಿ ಸಾಕು. ಉಳಿದೆರಡಕ್ಕೆ ನಿಧಾನವಾಗಿ ಯೋಚಿಸುವ, ಕಟ್ಟುವವನಿಗೆ ಹಂಗಿಲ್ಲದ ಇಂಜಿನಿಯರನೇ ಬೇಕು.

ಮಾವನವರಿಗೆ ಇಬ್ಬರಿಂದ ಪತ್ರಗಳು ಬಂದವು. ಒಬ್ಬರ ಮೊತ್ತವು ಗಣನೀಯವಾಗಿ ಕಡಿಮೆಯಿತ್ತು, ಎಲ್ಲರ ಮುಖವೂ ಅರಳಿತು. ಪರಿಶೀಲಕರು ಓದಿ ನೋಡಿದಾಗ ಅದರಲ್ಲಿ ನೀರಿನ ಕೊಳವೆಗಳೂ ಬೆಂಕಿಯ ಏರ್ಪಾಡೂ ಲೆಕ್ಕಕ್ಕೇ ಬಂದಿರಲಿಲ್ಲ. ಇಬ್ಬರೂ ನೆಲಮಾಳಿಗೆಯನ್ನು ತೋರಿಸಿದ್ದರು. ಮಣ್ಣನ್ನು ಪರೀಕ್ಷಿಸಿದಾಗ ಆಳು ಮಟ್ಟದಲ್ಲಿಯೇ ನೀರು ಬಂದುದರಿಂದ ಅದನ್ನು ಕೈಬಿಡಲಾಯಿತು. ಹೊಸ ಪತ್ರಗಳನ್ನು ಕೊಡುವಂತೆ ಇಬ್ಬರಿಗೂ ಹೇಳಿಕಳುಹಿಸಿದ್ದಾರೆ. ಮೊನ್ನೆ ನಾನು ಹೋದಾಗ ಮಾವನವರು ಅಂಗಳದಲ್ಲಿ ಟೇಪು ಹಿಡಿದು, ಬೈಂದೂರಿನಿಂದ ಬಂದಿದ್ದ ಅಳಿಯನ ಕಾರಿನ ಬಾಗಿಲನ್ನು ಪೂರ್ತಿಯಾಗಿ ತೆರೆಸಿ, ಅಗಲವನ್ನು ಅಳೆಯುತ್ತಿದ್ದರು.